ಫಣಿಯಮ್ಮನ ದುಡಿಮೆ

ಶ್ರೀಮತಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಕಾದಂಬರಿಯನ್ನು ಮೆಚ್ಚಿದವರಲ್ಲಿ ನಾವೂ ಸೇರಿದ್ದೇವೆ. ಪ್ರೇಮಾ ಕಾರಂತರ ಚಲನಚಿತ್ರದಿಂದ (೧೯೮೩) ಅದರ ಹೆಸರು ಕನ್ನಡೇತರರಿಗೂ ಮುಟ್ಟಿತು. ಬಾಲ್ಯದಲ್ಲೇ ವಿಧವೆಯಾಗಿ, ನೂರು ವರ್ಷ ದಾಟಿ ಬಾಳಿದ ಮಲೆನಾಡಿನ ಹೆಣ್ಣಿನ ಕಥೆ ಅದು. ಆಕೆಯ ತಾಳ್ಮೆ, ವೈರಾಗ್ಯ, ಕರುಣೆಗಳನ್ನು ಕೊಂಡಾಡುವುದು ವಾಡಿಕೆ.

ಆದರೆ ಅವಿಭಕ್ತ ಕುಟುಂಬದ ಅಡಿಗೆ, ಮಕ್ಕಳ ಆರೈಕೆ, ಬಾಣಂತಿಯರ ಉಪಚಾರ, ಜಾತಿ ನೋಡದೆ ಹೆರಿಗೆಗೆ ನೆರವು, ಇವನ್ನೆಲ್ಲ ವೈರಾಗ್ಯವೆಂದರೆ ಸಾಕೆ? ಇದು ದುಡಿಮೆ. ಆ ಮನೆ ನಡೆದದ್ದೇ ಇದರಿಂದ. ಆಕೆಯನ್ನು ಸಂತಳೆಂದು ಕರೆದೊಡನೆ ಕೂಲಿಯ ಮಾತು ನಿಂತುಹೋಗುತ್ತದೆ. ಲೇಖಕಿ ಈ ದುಡಿಮೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಯೂ ಕೊನೆಗೆ ಅದನ್ನು ಪುಣ್ಯದ ಖಾತೆಗೆ ಜಮಾ ಮಾಡುತ್ತಾರೆ. ನಮ್ಮ ತಕರಾರು ಇಷ್ಟೆ.

ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಇಂಥ ಖಾತೆಗಳ ಪರಿಚಯವುಂಟು. ೨೦೦೧ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರೊಡನೆ ‘ಕೆಲಸ ಮಾಡದವರ’ ಪಟ್ಟಿಗೆ ಸೇರಿಸಿತ್ತು. ಸುಪ್ರೀಂ ಕೋರ್ಟು ೨೦೧೦ರಲ್ಲಿ ಇದನ್ನು ಆಕ್ಷೇಪಿಸಿತು. ೨೦೧೯ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷ ದುಡಿದರೆ, ಹಾಗೆ ಮಾಡುವ ಗಂಡಸರು ದುಡಿದದ್ದು ೯೭ ನಿಮಿಷ.

ಕಾದಂಬರಿಯನ್ನು ಮತ್ತೆ ಓದುವವರು ಫಣಿಯಮ್ಮ ಮಾಡುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ಹೋಗಲಿ. ಬಳಿಕ ತಮ್ಮ ಮನೆಯ ಅಡಿಗೆಮನೆಯತ್ತಲೂ ಒಮ್ಮೆ ನೋಡಲಿ. ಈ ಮಾತು ನಮಗೂ ಅನ್ವಯಿಸುತ್ತದೆ.