ದೊರೆಯ ರುಜು, ಡಬ್ಲಿನ್ನಿನ ರಾಯಭಾರಿ

1924ರ ಅಕ್ಟೋಬರ್ 7ರಂದು ವಾಷಿಂಗ್ಟನ್ನಿನಲ್ಲಿ ತಿಮೋತಿ ಸ್ಮಿಡಿ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ಅಧ್ಯಕ್ಷ ಕೂಲಿಜ್ ಅವರಿಗೆ ತಮ್ಮ ಅಧಿಕಾರಪತ್ರ ಒಪ್ಪಿಸಿದರು. ಕಾರ್ಕ್ ನಗರದಲ್ಲಿ ಪಾಠ ಹೇಳಿಕೊಂಡಿದ್ದವರು ಈಗ ಐರಿಷ್ ಫ್ರೀ ಸ್ಟೇಟಿನ ರಾಯಭಾರಿ. ಬ್ರಿಟಿಷ್ ಡೊಮಿನಿಯನ್ನೊಂದು ಪರದೇಶಕ್ಕೆ ತನ್ನದೇ ರಾಜತಾಂತ್ರಿಕ ಪ್ರತಿನಿಧಿಯನ್ನು ಕಳಿಸಿದ್ದು ಅದೇ ಮೊದಲು. ಕೆನಡಾದ ಸರದಿ ಬಂದದ್ದು 1927ರಲ್ಲಿ. ಆದರೆ ಸ್ಮಿಡಿಯವರ ಪತ್ರ ಹೊರಟಿದ್ದು ಐದನೇ ಜಾರ್ಜ್ ದೊರೆಯ ಹೆಸರಿನಲ್ಲಿ. ಗಣರಾಜ್ಯವಾದಿಗಳು ಇಂಥದ್ದನ್ನೆಲ್ಲ ಶರಣಾಗತಿ ಎಂದೇ ಕರೆದರು. ನನಗೆ ಹಾಗನ್ನಿಸುವುದಿಲ್ಲ.

ಯಾರ ಹಂಗೂ ಇಲ್ಲದ ರಾಯಭಾರವನ್ನೂ ಐರ್ಲೆಂಡ್ ಅಷ್ಟರಲ್ಲಿ ಮಾಡಿ ನೋಡಿತ್ತು. 1919ರಲ್ಲಿ ಗಣರಾಜ್ಯ ಘೋಷಿಸಿದ ಡೇಲ್ (ಐರಿಷ್ ಸಂಸತ್ತು) ಷಾನ್ ಟಿ. ಓಕೆಲಿ ಅವರನ್ನು ಪ್ಯಾರಿಸ್ಸಿಗೆ ಕಳಿಸಿತು. ಅವರು ಹೋಟೆಲಿನಲ್ಲಿ ಕೂತು ಶಾಂತಿ ಸಮ್ಮೇಳನದ ದೊಡ್ಡವರಿಗೆ ಕಾಗದ ಬರೆದದ್ದೇ ಬಂತು, ಒಳಗೆ ಬಿಟ್ಟವರಿಲ್ಲ. ಜೊತೆಗಿದ್ದ ಗ್ಯಾವನ್ ಡಫಿ ಅವರನ್ನು 1920ರಲ್ಲಿ ಫ್ರಾನ್ಸ್ ಹೊರಗೇ ಹಾಕಿತು. ಇನ್ನು ಗಣರಾಜ್ಯವಾದಿಗಳ ನಾಯಕ ಡಿ ವಲೇರಾ ಅವರ ಕಥೆ: ದೊರೆಯ ಹೆಸರು ಕೇಳಿದರೆ ಕಿಡಿಯಾಗುತ್ತಿದ್ದ ಅವರೇ 1936ರಲ್ಲಿ ದೊರೆಯನ್ನು ಸಂವಿಧಾನದಿಂದ ಕಿತ್ತುಹಾಕಿ, ರಾಯಭಾರಿಗಳ ಪತ್ರದಂಥ ವಿದೇಶ ವ್ಯವಹಾರಕ್ಕೆ ಮಾತ್ರ ಉಳಿಸಿಕೊಂಡರು. ಆ ಏರ್ಪಾಡು 1949ರವರೆಗೆ ನಡೆಯಿತು.

ಹಾಗೆಂದು ಸ್ಮಿಡಿಯವರಿಗೆ ಪೂರ್ತಿ ಸ್ವಾತಂತ್ರ್ಯವಿತ್ತು ಎನ್ನಲಾಗದು. ಅವರು ಅಧಿಕಾರಪತ್ರ ಒಪ್ಪಿಸುವ ಮುಂಚೆಯೇ ಬ್ರಿಟಿಷ್ ರಾಯಭಾರಿ ಎಸ್ಮೆ ಹೋವರ್ಡ್ ಅಮೆರಿಕಕ್ಕೆ ಪತ್ರ ಬರೆದು ಗೆರೆ ಎಳೆದಿದ್ದರು: ಐರ್ಲೆಂಡಿಗೆ ಮಾತ್ರ ಸಂಬಂಧಿಸಿದ ವಿಷಯ ಇವರದು, ಸಾಮ್ರಾಜ್ಯಕ್ಕೆ ತಾಗುವುದೆಲ್ಲ ನಮ್ಮೊಡನೆ ಸಮಾಲೋಚಿಸಿಯೇ. ವ್ಯಾಪಾರ, ವಲಸೆ, ಸಾಲ, ಯಾವುದು ಐರ್ಲೆಂಡಿಗೆ ಮಾತ್ರ ಸಂಬಂಧಿಸಿದ್ದು? ಸಾಲದ್ದೇ ನೋಡಿ: ಅಮೆರಿಕನ್ನರಿಗೆ ಬಾಂಡ್ ಮಾರಿ ಡೇಲ್ ಕೂಡಿಸಿದ್ದ ಐವತ್ತು ಲಕ್ಷ ಡಾಲರಿಗೂ ಮಿಕ್ಕ ಹಣದಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳಲ್ಲಿ ಉಳಿದದ್ದು ತನಗೆ ಸೇರಬೇಕೆಂದು ಫ್ರೀ ಸ್ಟೇಟ್ ದಾವೆ ಹೂಡಿತ್ತು. 1927ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಸರ್ಕಾರಕ್ಕೂ ಕೊಡದೆ, ಡಿ ವಲೇರಾ ಪಕ್ಷಕ್ಕೂ ಕೊಡದೆ, ಹಣ ಹಾಕಿದವರಿಗೇ ಮರಳಿಸಿ ಎಂದಿತು. ಅಧ್ಯಕ್ಷರ ಮನ್ನಣೆ ಕೋರ್ಟಿನಲ್ಲಿ ಕೆಲಸಕ್ಕೆ ಬರಲಿಲ್ಲ.

ಆದರೂ ಹೋಲಿಸಿ ನೋಡಿ. 1941ರಲ್ಲಿ ಗಿರಿಜಾ ಶಂಕರ ಬಾಜಪೇಯಿ ಇದೇ ವಾಷಿಂಗ್ಟನ್ನಿಗೆ ಭಾರತದ ಏಜೆಂಟ್ ಜನರಲ್ ಆಗಿ ಬಂದಾಗ ಅವರ ಬೆನ್ನಿಗೆ ಇದ್ದದ್ದು ವೈಸ್‌ರಾಯ್ ಸರ್ಕಾರ. ಸ್ಮಿಡಿಯವರ ಬೆನ್ನಿಗೆ ಚುನಾಯಿತ ಸಂಸತ್ತಿತ್ತು. ಫ್ರೀ ಸ್ಟೇಟಿನ ಹುಟ್ಟಿಗೆ ಕಾರಣವಾದ ಆಂಗ್ಲೋ-ಐರಿಷ್ ಒಪ್ಪಂದವನ್ನು 1924ರ ಜುಲೈನಲ್ಲಿ, ಲಂಡನ್ ಬೇಡವೆಂದರೂ, ಲೀಗ್ ಆಫ್ ನೇಷನ್ಸ್‌ನಲ್ಲಿ ಅಂತರರಾಷ್ಟ್ರೀಯ ಕರಾರಾಗಿ ನೋಂದಾಯಿಸಿದ ಸರ್ಕಾರ ಅದು. ರುಜು ದೊರೆಯದಾದರೂ ಪಟ್ಟು ಡಬ್ಲಿನ್ನಿನದೇ.

ನನ್ನ ತಕರಾರು ಬೇರೆ: ನಿಧಾನ. ಪ್ಯಾರಿಸ್, ಬರ್ಲಿನ್, ವ್ಯಾಟಿಕನ್‌ಗಳಿಗೆ ಪೂರ್ಣಪ್ರಮಾಣದ ರಾಯಭಾರಿಗಳು ಹೋದದ್ದು 1929ರಲ್ಲಿ. ಖಜಾನೆ ಬಿಗಿಯಾಗಿತ್ತು, ನಿಜ. 1924ರಲ್ಲೇ ಫ್ರೀ ಸ್ಟೇಟಿನ ಕಾಸ್‌ಗ್ರೇವ್ ಸರ್ಕಾರ ವೃದ್ಧಾಪ್ಯ ವೇತನದಲ್ಲಿ ವಾರಕ್ಕೆ ಒಂದು ಷಿಲಿಂಗ್ ಕಡಿತ ಮಾಡಿತ್ತು. ಆದರೆ ಬಾಗಿಲು ತೆರೆದ ಮೇಲೆ ಐದು ವರ್ಷ ಹೊಸ್ತಿಲಲ್ಲೇ ನಿಂತದ್ದಕ್ಕೆ ಲಂಡನ್ನನ್ನು ದೂರುವಂತಿಲ್ಲ.