ಒಪ್ಪಿಸುವ ಇಂಗ್ಲಿಷ್, ಉತ್ತರಿಸುವ ಇಂಗ್ಲಿಷ್

"ಐ ಆ್ಯಮ್ ಹೇಲಿಂಗ್ ಫ್ರಮ್ ಹೊಸಪೇಟೆ, ವಿಚ್ ಈಸ್ ನಿಯರ್ ಟು ವರ್ಲ್ಡ್ ಫೇಮಸ್ ಹಂಪಿ." ಸ್ಪರ್ಧಾತ್ಮಕ ಪರೀಕ್ಷೆಯ ಲಿಖಿತ ಹಂತ ದಾಟಿ ಸಂದರ್ಶನಕ್ಕೆ ತಯಾರಾಗುವ ನಮ್ಮ ಸೀಮೆಯ ಹುಡುಗ ಹುಡುಗಿಯರ ಬಾಯಲ್ಲಿ ಮೊದಲು ಕೂರುವ ವಾಕ್ಯ ಇಂಥದ್ದು. ಹೊಸಪೇಟೆಯ ಜಾಗಕ್ಕೆ ಸಂಡೂರೋ ಕಂಪ್ಲಿಯೋ ಬರುತ್ತದೆ, ಉಳಿದದ್ದು ಹಾಗೇ. ವ್ಯಾಕರಣ ಸ್ವಲ್ಪ ಆಚೀಚೆಯಾದರೂ ಅದರಿಂದ ದೊಡ್ಡ ನಷ್ಟವಿಲ್ಲ. ತೊಂದರೆ ಶುರುವಾಗುವುದು ಮುಂದಿನ ಪ್ರಶ್ನೆಯಲ್ಲಿ: ಹಂಪಿಯಿಂದ ನಿಮ್ಮೂರಿಗೆ ಸಿಕ್ಕಿದ್ದೇನು, ಕಳೆದದ್ದೇನು? ಉತ್ತರ ಆ ಹುಡುಗನಿಗೆ ಗೊತ್ತಿದೆ. ಲಾಡ್ಜು, ಆಟೊ, ಹೋಟೆಲಿನ ಸಂಪಾದನೆಯನ್ನೂ ಕಂಡಿದ್ದಾನೆ, 2011ರಲ್ಲಿ ವಿರೂಪಾಕ್ಷ ಬಜಾರಿನ ಮಳಿಗೆ ಮನೆಗಳು ತೆರವಾದದ್ದನ್ನೂ ಕೇಳಿದ್ದಾನೆ. ಆದರೆ ಅವನು ಕಲಿತು ಬಂದ ಇಂಗ್ಲಿಷಿನಲ್ಲಿ ಅದನ್ನೆಲ್ಲ ಹೇಳಲು ಜಾಗವಿಲ್ಲ. ಇಂಟರ್‌ವ್ಯೂ ಇಂಗ್ಲಿಷ್ ಎಂಬ ತರಬೇತಿಯ ಗುಣದೋಷವನ್ನು ತೂಗಬೇಕಾದದ್ದು ಈ ಎರಡನೇ ಪ್ರಶ್ನೆಯ ಎದುರಿಗಿಟ್ಟು.

ತರಬೇತಿಗೆ ಸಲ್ಲಬೇಕಾದದ್ದು ಮೊದಲು ಸಲ್ಲಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಸರ್ಕಾರಿ ಕಾಲೇಜು, ನಂತರ ಗ್ರಂಥಾಲಯದ ಬೆಂಚು, ಹೀಗೆ ಬಂದವರಿಗೆ ನಾಲ್ಕು ಜನರ ಎದುರು ಇಂಗ್ಲಿಷಿನಲ್ಲಿ ಬಾಯಿಬಿಡುವುದೇ ದೊಡ್ಡ ಗಂಡಾಂತರ. ಸ್ಪೋಕನ್ ಇಂಗ್ಲಿಷ್ ಬ್ಯಾಚು ಆ ಹೆದರಿಕೆಯನ್ನು ಕಳೆಯುತ್ತದೆ. ಒಳಗೆ ಬರುವ, ಕೂರುವ, ನಮಸ್ಕರಿಸುವ ರೀತಿಯನ್ನು ಅಣಕು ಸಂದರ್ಶನ ರೂಢಿಸುತ್ತದೆ. ಮನೆಯಲ್ಲಿ ಯಾರೂ ಕಚೇರಿಯ ಮೆಟ್ಟಿಲು ಹತ್ತಿಲ್ಲದ ಮಕ್ಕಳಿಗೆ ಇದು ಸಣ್ಣ ಸಹಾಯವಲ್ಲ. ಆದರೆ ಬಹುಪಾಲು ತರಬೇತಿ ಅಲ್ಲಿಗೇ ನಿಂತುಬಿಡುತ್ತದೆ. ಸ್ವಪರಿಚಯ, ಹವ್ಯಾಸ, ನನ್ನ ಬಲ, ನನ್ನ ದೌರ್ಬಲ್ಯ, ಐಎಎಸ್ ಯಾಕೆ, ಹೀಗೆ ಹತ್ತಿಪ್ಪತ್ತು ಉತ್ತರಗಳನ್ನು ಬರೆಸಿ ಬಾಯಿಪಾಠ ಮಾಡಿಸುತ್ತಾರೆ. ಹಿಂದಿನ ತಲೆಮಾರು ಇಂಗ್ಲಿಷ್ ಕಲಿಸುವ ರ್‍ಯಾಪಿಡೆಕ್ಸ್ ಪುಸ್ತಕದ ಪುಟಗಳನ್ನು ಉರು ಹೊಡೆಯುತ್ತಿತ್ತು, ಈಗಿನದು ಪಿಡಿಎಫ್ ಉರು ಹೊಡೆಯುತ್ತದೆ. ವಿಧಾನ ಬದಲಾಗಿಲ್ಲ.

ಇಷ್ಟು ಆತಂಕಕ್ಕೆ ನಿಯಮಗಳಲ್ಲಿ ಆಧಾರ ಇದೆಯೇ ಎಂದು ನೋಡಿದರೆ, ಅಷ್ಟಾಗಿ ಇಲ್ಲ. ಕೊಠಾರಿ ಸಮಿತಿಯ ಶಿಫಾರಸಿನಂತೆ 1979ರಿಂದಲೇ ಕೇಂದ್ರ ನಾಗರಿಕ ಸೇವಾ ಪರೀಕ್ಷೆಯನ್ನು ಭಾರತೀಯ ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಕನ್ನಡದಲ್ಲೇ ಬರೆದು ಪಾಸಾದ ಮೊದಲಿಗರೆಂದು ಕೆ. ಶಿವರಾಂ ಎಂಬತ್ತರ ದಶಕದಲ್ಲಿ ಹೆಸರಾದರು. ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು, ದುಭಾಷಿಯ ನೆರವಿರುತ್ತದೆ. ಒಟ್ಟು 2025 ಅಂಕಗಳಲ್ಲಿ ಸಂದರ್ಶನದ ಪಾಲು 275. ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಒಂದು ಕಾಲದಲ್ಲಿ ಸಂದರ್ಶನಕ್ಕೇ 200 ಅಂಕವಿತ್ತು. 2011ರ ಸಾಲಿನ 362 ಹುದ್ದೆಗಳ ನೇಮಕಾತಿಯಲ್ಲಿ ಅಕ್ರಮದ ಗದ್ದಲ ಸಿಐಡಿ ತನಿಖೆಯವರೆಗೆ ಹೋಯಿತು. ಆಮೇಲೆ ಸಂದರ್ಶನದ ಅಂಕ 50ಕ್ಕೆ, ಈಗ 25ಕ್ಕೆ ಇಳಿದಿದೆ. ಕೇಂದ್ರದ ಕೆಳಹಂತದ ಹುದ್ದೆಗಳಿಗೆ 2016ರಿಂದ ಸಂದರ್ಶನವೇ ಇಲ್ಲ. ಬಹುಪಾಲು ಸರ್ಕಾರಿ ಬ್ಯಾಂಕುಗಳ ಪಿಒ ಆಯ್ಕೆಯಲ್ಲಿ ಸಂದರ್ಶನದ ತೂಕ ನೂರಕ್ಕೆ ಇಪ್ಪತ್ತು.

ಹಾಗಂತ ಇಂಗ್ಲಿಷ್ ಬೇಡ ಎನ್ನುವುದು ಹುಡುಗರ ಬದುಕಿನ ಜತೆ ಆಡುವ ಆಟವಾದೀತು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 300 ಅಂಕದ ಇಂಗ್ಲಿಷ್ ಪತ್ರಿಕೆಯಿದೆ. ಅದರಲ್ಲಿ ಕಾಲು ಭಾಗ ಅಂಕ ಬಾರದಿದ್ದರೆ ಉಳಿದ ಪತ್ರಿಕೆಗಳನ್ನು ಮುಟ್ಟಿಯೂ ನೋಡುವುದಿಲ್ಲ. 2024ರ ಆಗಸ್ಟ್ 27ರಂದು ನಡೆದ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಎಷ್ಟು ಕೆಟ್ಟಿದ್ದವೆಂದರೆ, ಡಿಸೆಂಬರ್ 29ಕ್ಕೆ ಮರುಪರೀಕ್ಷೆಯೇ ಆಗಬೇಕಾಯಿತು; ಅಲ್ಲೂ ತಪ್ಪುಗಳು ತಪ್ಪಲಿಲ್ಲ. ಪ್ರಶ್ನೆ ಏನೆಂದು ತಿಳಿಯಲು ಪಕ್ಕದ ಇಂಗ್ಲಿಷ್ ಸಾಲನ್ನೇ ನೋಡಬೇಕಾದ ಈ ನಾಡಿನಲ್ಲಿ ಇಂಗ್ಲಿಷ್ ಕಲಿಯಬೇಡಿ ಎನ್ನುವ ಬಾಯಿ ಯಾರಿಗೂ ಇಲ್ಲ. ಬೇಕು, ಸರಿ. ಎಂಥದ್ದು ಬೇಕು ಎಂಬುದಷ್ಟೇ ತಕರಾರು.

ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಹೊಸಪೇಟೆಯ ಅಭ್ಯರ್ಥಿಗೆ ತುಂಗಭದ್ರಾ ಅಣೆಕಟ್ಟಿನ ಬಗ್ಗೆ ಕೇಳದೆ ಬಿಡುವ ಮಂಡಳಿ ಅಪರೂಪ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಇದಕ್ಕೆ ಬಾಯಿಪಾಠದ ಉತ್ತರ ಹೀಗೆ ಏಳುತ್ತದೆ: "ಸರ್, ತುಂಗಭದ್ರಾ ಡ್ಯಾಮ್ ಈಸ್ ದಿ ಲೈಫ್‌ಲೈನ್ ಆಫ್ ಥ್ರೀ ಸ್ಟೇಟ್ಸ್ ಆ್ಯಂಡ್ ದಿ ಅನ್‌ಫಾರ್ಚುನೇಟ್ ಇನ್ಸಿಡೆಂಟ್ ಈಸ್ ಆ್ಯನ್ ಐ ಓಪನರ್ ಟು ಆಲ್ ಸ್ಟೇಕ್‌ಹೋಲ್ಡರ್ಸ್." ಕೇಳಲು ಭರ್ಜರಿ, ಒಳಗೆ ಏನೂ ಇಲ್ಲ. ಅದೇ ಹುಡುಗನಿಗೆ ಒಂದೊಂದೇ ಸಣ್ಣ ವಾಕ್ಯ ಹೇಳು ಎಂದರೆ ಬರುವ ಉತ್ತರ ಬೇರೆ: "ದಿ ಚೈನ್ ಬ್ರೋಕ್. ದಿ ಗೇಟ್ ವೆಂಟ್ ಅವೇ. ದೆ ಓಪನ್ಡ್ ಅದರ್ ಗೇಟ್ಸ್ ಟು ಬ್ರಿಂಗ್ ದಿ ವಾಟರ್ ಡೌನ್. ದೆನ್ ದೆ ಪುಟ್ ಎ ಸ್ಟಾಪ್‌ಲಾಗ್ ಇನ್ ದಿ ರನ್ನಿಂಗ್ ವಾಟರ್." ಎಲ್ಲ ಶಾಲೆಯ ಇಂಗ್ಲಿಷು. ಆದರೆ ಏನಾಯಿತು, ಯಾಕೆ ಹಾಗೆ ಮಾಡಿದರು ಎಂಬುದು ಸಾಲಾಗಿ ಬಂತು. ಅಣೆಕಟ್ಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ವಾರದೊಳಗೆ ಹರಿವ ನೀರಿಗೆ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂರಿಸಿದ್ದನ್ನು ಸೇರಿಸಿದರೆ ಮಾತಿಗೆ ಇನ್ನೂ ಕಸುವು. ಸಂದರ್ಶನವೆಂದರೆ ಪಾಟೀಸವಾಲಲ್ಲ, ಉದ್ದೇಶವುಳ್ಳ ಮಾತುಕತೆ ಎಂದು ಯುಪಿಎಸ್‌ಸಿ ತನ್ನ ಅಧಿಸೂಚನೆಯಲ್ಲೇ ಹೇಳುತ್ತದೆ. ಸ್ಪಷ್ಟವಾಗಿ, ತರ್ಕಬದ್ಧವಾಗಿ ಹೇಳುವ ಶಕ್ತಿ, ಸಮತೂಕದ ತೀರ್ಮಾನ ಎಂಬ ಗುಣಗಳು ಅದರ ಪಟ್ಟಿಯಲ್ಲಿವೆ. ಉಚ್ಚಾರದ ಠೀವಿ ಆ ಪಟ್ಟಿಯಲ್ಲಿಲ್ಲ.

ಸಮತೂಕದ ವಿಷಯಕ್ಕೆ ಬಂದರೆ ತರಬೇತಿಯ ಸೋಲು ಇನ್ನೂ ಎದ್ದು ಕಾಣುತ್ತದೆ. ಸಂಡೂರಿನವರಿಗೆ ಗಣಿಯ ಪ್ರಶ್ನೆ ತಪ್ಪಿದ್ದಲ್ಲ. ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ಹಾಕಿದ ತಡೆ, ಎ, ಬಿ, ಸಿ ಎಂದು ಗಣಿಗಳನ್ನು ವಿಂಗಡಿಸಿದ್ದು, ಈಚೆಗೆ ದೇವದಾರಿ ಬೆಟ್ಟದ ಗಣಿ ವಿವಾದ, ಇವೆಲ್ಲ ಅಲ್ಲಿನವರ ದಿನನಿತ್ಯದ ಮಾತು. ಆದರೆ ತರಬೇತಿಯಲ್ಲಿ ಹೇಳಿಕೊಡುವುದು ಡೆವಲಪ್‌ಮೆಂಟೂ ಬೇಕು, ಎನ್ವಿರಾನ್‌ಮೆಂಟೂ ಬೇಕು ಎಂಬ ಒಂದೇ ಸಿದ್ಧ ಉತ್ತರ. ಅದು ತೀರ್ಮಾನದಿಂದ ಜಾರಿಕೊಳ್ಳುವ ಉಪಾಯ. ಲಾರಿ ನಿಂತಾಗ ಯಾರ ಮನೆಯ ಒಲೆ ಆರಿತು, ಕೆಂಧೂಳು ಯಾರ ಹೊಲದ ಮೇಲೆ ಕೂತಿತು ಎಂದು ಬಲ್ಲವನಿಗೆ, ಇಷ್ಟು ಗಣಿ ಸಾಕು, ಈ ಬೆಟ್ಟ ಬೇಡ ಎಂದು ಹೇಳಲು ಇಂಗ್ಲಿಷಿನ ಕೊರತೆಯಿಲ್ಲ. ಅಭಿಪ್ರಾಯ ಇಟ್ಟುಕೊಳ್ಳಲು ಬಿಟ್ಟವರಿಲ್ಲ.

ಇದೇ ಸೀಮೆಯಲ್ಲಿ ಇಂಗ್ಲಿಷನ್ನು ಬೇರೆ ರೀತಿ ಕಲಿತವರಿದ್ದಾರೆ: ಹಂಪಿಯ ಗೈಡುಗಳು. ಅನೇಕರ ಮೊದಲ ಪಾಠ ನಡೆದದ್ದು ಪ್ರವಾಸಿಗಳ ಜತೆಗೇ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಎದುರು ಗೈಡು ಐವತ್ತರ ನೋಟು ತೆಗೆದು ತೋರಿಸುತ್ತಾನೆ. ನೋಟಿನ ಚಿತ್ರ, ಎದುರಿಗಿನ ರಥ, ಹೇಳಬೇಕಾದ ಮಾತು ಮೂರೂ ಒಂದಾಗುತ್ತವೆ. ಸಂಗೀತದ ಕಂಬಗಳನ್ನು ಮುಟ್ಟಲು ಯಾಕೆ ಬಿಡುವುದಿಲ್ಲ ಎಂದು ಪ್ರವಾಸಿ ಕೇಳಿದರೆ ಕಾರಣ ಹೇಳಲೇಬೇಕು, ಅರ್ಥವಾಗದಿದ್ದರೆ ಬೇರೆ ಮಾತಲ್ಲಿ ಹೇಳಬೇಕು. ಎದುರಿಗಿದ್ದವರ ಮುಖ ನೋಡಿ ಮಾತು ತಿದ್ದಿಕೊಳ್ಳುವ ಈ ವಿದ್ಯೆಯೇ ಸಂದರ್ಶನದ ಕೋಣೆಯಲ್ಲಿ ಬೇಕಾದದ್ದು. ಗೈಡುಗಳ ಇಂಗ್ಲಿಷನ್ನೂ ಅತಿಯಾಗಿ ಹೊಗಳಬೇಕಿಲ್ಲ. ವರ್ಷಗಟ್ಟಲೆ ಒಂದೇ ಕಥೆ ಹೇಳಿ ಅದೂ ಬಾಯಿಪಾಠವಾಗುತ್ತದೆ, ಇತಿಹಾಸಕ್ಕಿಂತ ದಂತಕಥೆಯೇ ಮುಂದೆ ಬರುತ್ತದೆ. ಬರೆವ ಇಂಗ್ಲಿಷಿಗೆ ಆ ದಾರಿ ಸಾಲದು. ಆದರೂ ಕಂಡದ್ದನ್ನು ಕಾಣದವರಿಗೆ ಹೇಳುವ ಆ ಅಭ್ಯಾಸ ಸ್ಪೋಕನ್ ಇಂಗ್ಲಿಷ್ ಬ್ಯಾಚಿನಲ್ಲಿಲ್ಲ.

ಕಷ್ಟದ ಪದಗಳ ಪಟ್ಟಿ, ವಿದೇಶಿ ಉಚ್ಚಾರ, ಟೈ ಕಟ್ಟುವ ಪಾಠ, ಇವಕ್ಕೆ ಹೋಗುವ ಹೊತ್ತನ್ನು ಹೆಚ್ಚು ಚರ್ಚಿಸುವ ಅಗತ್ಯವಿಲ್ಲ. ಅದೇ ಹೊತ್ತಿನಲ್ಲಿ ದಿನಕ್ಕೊಂದು ಸ್ಥಳೀಯ ಸುದ್ದಿಯನ್ನು ಕನ್ನಡದಲ್ಲಿ ಓದಿ, ಹತ್ತು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಗೆಳೆಯನಿಗೆ ಹೇಳಿ, ಅವನು ಕೇಳುವ ಮೂರು ಪ್ರಶ್ನೆಗೆ ಉತ್ತರಿಸಬಹುದು. ಕಂಪ್ಲಿಯ ಹುಡುಗಿ ಎರಡನೇ ಬೆಳೆಗೆ ನೀರು ಬಿಡುವ ಲೆಕ್ಕವನ್ನು ಹೀಗೆ ವಿವರಿಸಬಲ್ಲಳಾದರೆ, ಯಾವ ಮಂಡಳಿಯ ಎದುರೂ ತಡವರಿಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತು ಕಟ್ಟುತ್ತದೆಂಬ ಭಯವಿದ್ದರೆ, ಸಂದರ್ಶನಕ್ಕೆ ಕನ್ನಡವನ್ನು ಮೊದಲೇ ಆರಿಸಿಕೊಳ್ಳುವ ಹಕ್ಕೂ ಅವಳಿಗಿದೆ. ತರಬೇತಿ ಕೇಂದ್ರಗಳು ಇದನ್ನು ಮೊದಲ ದಿನವೇ ಹೇಳಬೇಕು. ಹೇಳುವುದಿಲ್ಲ, ಯಾಕೆಂದರೆ ಹೆದರಿಕೆ ಉಳಿದರೇ ಬ್ಯಾಚು ತುಂಬುವುದು. ಸೇರುವ ಮೊದಲು ಅಭ್ಯರ್ಥಿ ಒಂದೇ ಪರೀಕ್ಷೆ ಮಾಡಲಿ: ನನ್ನ ಊರಿನ ಬಗ್ಗೆ ಅಲ್ಲಿ ಎರಡನೇ ಪ್ರಶ್ನೆ ಕೇಳುತ್ತಾರೆಯೇ? ಕೇಳದಿದ್ದರೆ ಫೀಸು ಕಟ್ಟುವುದು ದಂಡ.