ಹಾವರ್ತಿಯಾ: ಬೇರು ನೋಡಿ ನೀರು

ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ ಒಣನೆಲಗಳ ಹಾವರ್ತಿಯಾ ಲೋಳೆಸರದ ಕುಟುಂಬಕ್ಕೇ ಸೇರಿದ ಗಿಡ; ಆದರೆ ಅದರ ಬಹುತೇಕ ಪ್ರಭೇದಗಳು ಅಂಗೈಯಗಲವನ್ನು ಮೀರದ ಕಾರಣ ಕಿಟಕಿಯ ಅಂಚಿನಲ್ಲೇ ಒಂದು ಸಂಗ್ರಹವನ್ನು ಬೆಳೆಸಬಹುದು. ಇಂಗ್ಲಿಷ್ ಸಸ್ಯಜ್ಞ ಏಡ್ರಿಯನ್ ಹಾರ್ಡಿ ಹಾವರ್ತ್ ಅವರ ಗೌರವಾರ್ಥವಾಗಿ 1809ರಲ್ಲಿ ಈ ಹೆಸರು ಬಂದಿತು.

ಕಾಂಡವು ಕಣ್ಣಿಗೆ ಕಾಣದಂತೆ, ಒಂದೇ ನಡುವಿನಿಂದ ಎಲೆಗಳು ಸುತ್ತುಸುತ್ತಾಗಿ ಹೊಮ್ಮುವ ಜೋಡಣೆಗೆ ರೋಸೆಟ್ ಎನ್ನುತ್ತಾರೆ. ಕೂಪರಿ, ರೆಟ್ಯೂಸ ಮೊದಲಾದ ಪ್ರಭೇದಗಳಲ್ಲಿ ದಪ್ಪನೆಯ ಎಲೆಯ ತುದಿಯು ಹರಿತ್ತಿಲ್ಲದೆ ಗಾಜಿನಂತೆ ತಿಳಿಯಾಗಿರುತ್ತದೆ. ತವರಿನಲ್ಲಿ ಸಂಕುಚಿಸುವ ಬೇರುಗಳು ಗಿಡದ ಬಹುಭಾಗವನ್ನು ಮಣ್ಣಿನೊಳಕ್ಕೆ ಎಳೆದುಕೊಳ್ಳುವುದರಿಂದ ಈ ತುದಿಗಳಷ್ಟೇ ಹೊರಗುಳಿಯುತ್ತವೆ, ಮತ್ತು ಅವುಗಳ ಮೂಲಕ ಇಳಿದ ಬೆಳಕು ಹುದುಗಿದ ಎಲೆಯ ಒಳಗೋಡೆಯ ಹರಿತ್ತನ್ನು ಮುಟ್ಟುತ್ತದೆ. ನೆರಳಲ್ಲಿಟ್ಟರೂ ಬದುಕುತ್ತದೆ ಎಂಬ ಮಾತು ಅರ್ಧಸತ್ಯ: ಬೆಳಕು ಸಾಲದಿದ್ದರೆ ಎಲೆಗಳು ತೆಳ್ಳಗೆ ನೀಳವಾಗಿ ರೋಸೆಟ್ ಬಿಚ್ಚಿಕೊಳ್ಳುತ್ತದೆ, ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಪೂರ್ವದ ಕಿಟಕಿಯ ಎಳೆಬಿಸಿಲು ಒಪ್ಪುತ್ತದೆ.

ಆದರೆ ಸಾಕುವವರ ಪರೀಕ್ಷೆ ನಡೆಯುವುದು ಬೇರಿನಲ್ಲಿ. ಹಾವರ್ತಿಯಾದ ದಪ್ಪ ಬೇರುಗಳು ಹಳತಾದಂತೆ ಸತ್ತು ಹೊಸವು ಹುಟ್ಟುತ್ತಿರುತ್ತವೆ. ಸತ್ತ ಬೇರು ತೇವದಲ್ಲಿ ಕುಳಿತರೆ ಕೊಳೆತವು ಬುಡಕ್ಕೆ ಏರುತ್ತದೆ. ಎಲೆ ಸುಕ್ಕುಗಟ್ಟಿದರೆ ಬಾಯಾರಿಕೆಯೆಂದು ನೀರು ಸುರಿಯುವುದು ಸಹಜವಾದರೂ, ಮಣ್ಣು ಒದ್ದೆಯಿದ್ದೂ ಎಲೆ ಸುಕ್ಕಾಗಿದ್ದರೆ ನೀರು ಹೀರುವ ಬೇರೇ ಉಳಿದಿಲ್ಲವೆಂದು ತಿಳಿಯಬೇಕು, ಏಕೆಂದರೆ ಆಗ ಪ್ರತಿ ಲೋಟ ನೀರೂ ಗಿಡವನ್ನು ಕೊಳೆಸುವುದಕ್ಕೇ ನೆರವಾಗುತ್ತದೆ. ಅಂಥ ಗಿಡವನ್ನು ಕಿತ್ತು, ಟೊಳ್ಳಾಗಿ ಕಂದಿದ ಬೇರುಗಳನ್ನು ಸವರಿ, ಗಾಯ ಒಣಗುವ ತನಕ ಕೆಲವು ದಿನ ನೆರಳಲ್ಲಿಟ್ಟು ಮತ್ತೆ ನೆಡುವುದು ಸರಿಯಾದ ಕ್ರಮ. ಬೇರಿನ ನಡುವೆ ಹತ್ತಿಯಂಥ ಬಿಳುಪು ಕಂಡರೆ ಅದು ಬೇರಿನ ರಸ ಹೀರುವ ಹಿಟ್ಟುತಿಗಣೆ. ಹಳೆಯ ಮಣ್ಣನ್ನೆಲ್ಲ ತೊಳೆದು ಎಸೆಯದೆ ಅದು ತೊಲಗದು.

ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯೂಮಿಸ್ ಅಥವಾ ಸಣ್ಣ ಜಲ್ಲಿಯಿದ್ದರೆ ನೀರು ನಿಲ್ಲುವುದಿಲ್ಲ. ಪಿಂಗಾಣಿಯ ಬಟ್ಟಲು ಚೆಂದವೇ, ಆದರೆ ತಳದಲ್ಲಿ ತೂತಿಲ್ಲದ್ದು ಎಷ್ಟು ಚೆಂದವಿದ್ದರೂ ಬೇಡ. ಮಳೆಗಾಲದ ತೇವದಲ್ಲಿ ಕುಂಡ ನಿಧಾನವಾಗಿ ಒಣಗುವುದರಿಂದ ವಾರದ ದಿನ ಗೊತ್ತುಮಾಡಿ ನೀರೆರೆಯುವ ಅಭ್ಯಾಸವನ್ನು ಬಿಟ್ಟು, ಮಿಶ್ರಣ ತಳದ ತನಕ ಒಣಗಿದ ಮೇಲೆ ಧಾರಾಳವಾಗಿ ಕೊಡುವುದು ಮೇಲು. ನರ್ಸರಿಗಳಲ್ಲಿ ಗಿಡವು ಸಾಮಾನ್ಯವಾಗಿ ತೇವವನ್ನು ಬಹುಕಾಲ ಹಿಡಿದಿಡುವ ಕೋಕೋಪೀಟ್‌ನಲ್ಲೇ ಬರುವುದರಿಂದ, ಕೊಂಡು ತಂದ ವಾರದೊಳಗೆ ಅದನ್ನು ಬಿಡಿಸಿ ಬೇರು ನೋಡಿದ ನಂತರವೇ ಹೊಸ ಕುಂಡಕ್ಕೆ ಸೇರಿಸಬೇಕು.